ಚೊಗರಿನ ಕಾಲು

ಬರಿಗಾಲಲ್ಲೇ ಬರಬೇಕಂತೆ. ಕ್ರೀಡಾ ಸಂಘದ ಹೊನ್ನಯ್ಯನ ಕಾಗದದ ತುದಿಯಲ್ಲಿ, ರುಜುವಿನ ಕೆಳಗೆ, ಮರೆತದ್ದು ಆಮೇಲೆ ನೆನಪಾಯಿತೇನೋ ಎಂಬಂತೆ ಆ ಸಾಲು ಇತ್ತು: 'ತಾವು ಪಾದರಕ್ಷೆಯಿಲ್ಲದೆ ವೇದಿಕೆಗೆ ದಯಮಾಡಿಸಿದರೆ ಸಭಿಕರಿಗೆ ಪರಮ ಸಂತೋಷವಾದೀತು.' ನಾಲ್ಕು ದಿನದಿಂದ ಶಿವಯೋಗಪ್ಪ ಆ ಸಾಲೊಂದನ್ನೇ ಓದುತ್ತಿದ್ದ. ಉಳಿದದ್ದೆಲ್ಲ ಬಾಯಿಪಾಠವಾಗಿತ್ತು. ಶಿವಮೊಗ್ಗದ ಕ್ರೀಡಾ ಸಂಘದವರು ಅವನಿಗೆ ಸನ್ಮಾನ ಮಾಡುತ್ತಾರೆ. ಹನ್ನೊಂದು ವರ್ಷದ ಹಿಂದೆ, ಬಿಳಿಯರ ಕಾಲದಲ್ಲಿ, ದೇಶದ ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಟ್ಟು ಕೊಲಂಬೋಗೆ ಕರೆದುಕೊಂಡು ಹೋಗಿ ಗೆಲ್ಲಿಸಿ ತಂದ ಭದ್ರಾವತಿಯ ಮಹನೀಯ ಅವನು. ಈಗ ಸ್ವತಂತ್ರ ದೇಶದ ತಂಡ ಆಡಲು ವಿಲಾಯತಿಗೆ ಹಡಗು ಹತ್ತಲಿದೆ, ಅವರೂ ಬರಿಗಾಲಲ್ಲೇ ಆಡುವವರು, ಆದ್ದರಿಂದ ಆತ ಕಂಡುಹಿಡಿದ, ಅಂಗಾಲು ಗಟ್ಟಿಮಾಡುವ ಅಡಿಕೆ ಚೊಗರಿನ ಒಂದು ಡಬ್ಬಿ ತಂದು ತಂಡದ ಪರವಾಗಿ ಬರುವವರ ಕೈಗೆ ವೇದಿಕೆಯ ಮೇಲೆ ಕೊಡಬೇಕು. ಮತ್ತು, ದಿವಂಗತ ವೀರ ಭೂತಪ್ಪನವರ ಧರ್ಮಪತ್ನಿ ದ್ಯಾಮಮ್ಮನವರು ತಮಗೆ ಹಾರ ಹಾಕುವರು. ಈ ವಾಕ್ಯವನ್ನು ಮಾತ್ರ ಅವನು ಓದುತ್ತಿರಲಿಲ್ಲ. ಕಣ್ಣು ಅಲ್ಲಿಗೆ ಬಂದ ಕೂಡಲೇ ಅದನ್ನು ದಾಟಿ ಪಾದರಕ್ಷೆಯ ಸಾಲಿಗೆ ಇಳಿಯುತ್ತಿತ್ತು. ಪಾದರಕ್ಷೆಯ ಬಗ್ಗೆ ಚಿಂತೆ ಮಾಡುವುದು ಸುಲಭ.

"ಒಂದು ದಿನ ಬರಿಗಾಲಲ್ಲಿ ನಡೆದ್ರೆ ಏನಾಗತ್ರೀ?" ಎಂದು ಕರಿಬಸಮ್ಮ ಒಳಗಿನಿಂದಲೇ ಕೇಳಿದಳು. ಗಂಡನ ಪೇಚಾಟ ಅವಳಿಗೆ ನಾಲ್ಕು ದಿನದಿಂದ ಒಳ್ಳೆಯ ತಮಾಷೆಯಾಗಿತ್ತು. "ಊರೋರಿಗೆಲ್ಲ ಕಾಲು ಗಟ್ಟಿ ಮಾಡ್ಸಿದೋರು ನೀವು. ಮದುವೆ ಆದ ಲಾಗಾಯ್ತು ನೋಡ್ತಿದೀನಿ, ಬಚ್ಚಲಿಗೆ ಹೋಗೋಕೂ ಮೆಟ್ಟು ಬೇಕು ನಿಮಗೆ." ಶಿವಯೋಗಪ್ಪ ಜಗಲಿಯ ಮೇಲೆ ಕೂತು ಬಲಗಾಲನ್ನು ಎಡತೊಡೆಯ ಮೇಲೆ ಹಾಕಿಕೊಂಡು ಅಂಗಾಲನ್ನು ನೋಡಿದ. ಅರವತ್ತಾದ ಮನುಷ್ಯನ ಕಾಲಲ್ಲ ಅದು. ಮುಖ ಸುಕ್ಕಾಗಿತ್ತು, ಕತ್ತಿನ ನರ ಎದ್ದಿತ್ತು, ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ಮರದ ಅಚ್ಚು ಕೆತ್ತಿದ ಕೈಗಳು ದೊರಗಾಗಿದ್ದವು. ಅಂಗಾಲು ಮಾತ್ರ ಬೆಳ್ಳಗೆ, ನುಣ್ಣಗೆ, ನಾಚಿಕೆಯಾಗುವ ಹಾಗೆ ಎಳೆಯದಾಗಿತ್ತು. ಅವನು ಒಂದು ದಿನವೂ ತನ್ನ ಕಾಲನ್ನು ಚೊಗರಿನಲ್ಲಿ ಅದ್ದಿರಲಿಲ್ಲ. ಯಾರೂ ಕೇಳಿರಲಿಲ್ಲ. ಕಲಿಸುವವನು ತಾನೂ ಮಾಡಬೇಕೆಂದು ಯಾವ ಕಾನೂನು? ಗಾಣದವನು ತಾನೇ ಗಾಣ ಸುತ್ತುತ್ತಾನೆಯೇ? ಹೀಗೆ ಅವನು ತನ್ನೊಳಗೆ ವಾದ ಹೂಡುತ್ತಿದ್ದ, ಎದುರು ವಾದಿಸುವವರು ಯಾರೂ ಇಲ್ಲದಿದ್ದರೂ ಸೋಲುತ್ತಿದ್ದ.

ಡಬ್ಬಿ ಜಗಲಿಯ ಮೂಲೆಯಲ್ಲಿ ಸಿದ್ಧವಾಗಿತ್ತು. ಹಳೆಯ ಬಿಸ್ಕತ್ತಿನ ಡಬ್ಬಿ, ಮುಚ್ಚಳದ ಸುತ್ತ ಮೇಣ ಮೆತ್ತಿತ್ತು. ಮೇಣದ ಸಂದಿನಿಂದಲೂ ಆ ಒಗರು ವಾಸನೆ ಬರುತ್ತಿತ್ತು. ಅಡಿಕೆ ಬೇಯಿಸಿದ ನೀರಿನಲ್ಲೇ ಮತ್ತೆ ಮತ್ತೆ ಅಡಿಕೆ ಬೇಯಿಸಿದರೆ ಅದು ಮಂದವಾಗಿ ಕೆಂಪಗೆ ಕುದಿದು ಚೊಗರಾಗುತ್ತದೆ, ಅಡಿಕೆಗೆ ಬಣ್ಣ ಕಟ್ಟಲು ಬಳಸುತ್ತಾರೆ. ಭದ್ರಾವತಿಯ ಸುತ್ತಮುತ್ತ ಇದು ಕೂಸಿಗೂ ಗೊತ್ತು. ಆದರೆ ಸುಗ್ಗಿಯಲ್ಲಿ ಹಂಡೆಯ ಮುಂದೆ ಕೂರುವ ಹೆಂಗಸರ ಅಂಗೈ ಚೊಗರು ಕುಡಿದು ಕುಡಿದು ತೊಗಲಿನ ಹಾಗೆ ಗಟ್ಟಿಯಾಗಿ, ಅವರು ಒಲೆಯ ಕೆಂಡವನ್ನು ಬೆರಳಲ್ಲಿ ಎತ್ತಿ ಪಕ್ಕಕ್ಕಿಡುವುದನ್ನು ನೋಡಿ, ಇದನ್ನು ಕಾಲಿಗೆ ಹಚ್ಚಿದರೆ ಹೇಗೆ ಎಂದು ಯೋಚಿಸಿದವನು ಶಿವಯೋಗಪ್ಪ ಒಬ್ಬನೇ. ಚಿಕ್ಕಂದಿನಲ್ಲಿ ಬೆಂಗಳೂರು ದಂಡಿನಲ್ಲಿ ಸೋಲ್ಜರುಗಳ ಆಟ ನೋಡಿ ಕಲಿತವನು, ಕಬ್ಬಿಣದ ಕಾರ್ಖಾನೆ ಶುರುವಾದಾಗ ಬಡಗಿ ಕೆಲಸಕ್ಕೆ ಬಂದು, ಸಾಯಂಕಾಲ ಇದ್ದಿಲ ರಾಶಿಗಳ ಪಕ್ಕದ ಬಯಲಿನಲ್ಲಿ ಕುಲುಮೆಯ ಆಳುಗಳಿಗೆ ಚೆಂಡು ಒದೆಯುವುದನ್ನು ಹೇಳಿಕೊಟ್ಟ. ಬೂಟು ಎಲ್ಲಿಂದ ತರುವುದು? ದಿನಾ ಅರ್ಧ ಗಂಟೆ ಹನ್ನೊಂದು ಜನರನ್ನೂ ಸಾಲಾಗಿ ಕೂರಿಸಿ ಬಿಸಿ ಚೊಗರಿನ ಬೋಗುಣಿಯಲ್ಲಿ ಕಾಲು ಅದ್ದಿಸಿದ. ಮೂರು ತಿಂಗಳಿಗೆ ಅವರ ಅಂಗಾಲು ಕೆಂಪಗಾಗಿ, ಮುಳ್ಳು ತುಳಿದರೆ ಮುಳ್ಳೇ ಮುರಿಯುತ್ತಿತ್ತು. ಆ ಕೆಂಪು ಕಾಲಿನವರು ಬೂಟು ಹಾಕಿದ ಮಿಲಿಟರಿ ತಂಡವನ್ನು ಬೆಂಗಳೂರಿನಲ್ಲಿ ಸೋಲಿಸಿದ ಮೇಲೆ ಕಲ್ಕತ್ತೆಯ ದೊಡ್ಡವರಿಂದ ಕರೆ ಬಂತು. ದೇಶದ ತಂಡಕ್ಕೆ ನಲವತ್ತೊಂದು ದಿನ ಅವನು ಮೇಷ್ಟ್ರು. ಆಮೇಲೆ ಇಷ್ಟು ವರ್ಷವೂ ಆ ನಲವತ್ತೊಂದು ದಿನವೇ ಅವನು. ಯಾರ ಮದುವೆಗೆ ಹೋದರೂ ಮೊದಲ ಪಂಕ್ತಿ, ಯಾರು ಪರಿಚಯ ಮಾಡಿಸಿದರೂ ಅದೇ ಮಾತು. ಆ ನಲವತ್ತೊಂದು ದಿನದಲ್ಲಿ ಒಂದು ಬೆಳಗನ್ನು ಮಾತ್ರ ತೆಗೆದುಹಾಕಲು ಸಾಧ್ಯವಾಗಿದ್ದರೆ ಉಳಿದ ನಲವತ್ತನ್ನೂ ಅವನು ಸಂತೋಷವಾಗಿ ಬಿಟ್ಟುಕೊಡುತ್ತಿದ್ದ.

"ಮೇಷ್ಟ್ರೇ, ಹೊರಡಾಣಾ?"

ದ್ಯಾಮಮ್ಮ ಬಂದು ಅಂಗಳದಲ್ಲಿ ನಿಂತಿದ್ದಳು. ಒಗೆದು ಮಡಿಸಿಟ್ಟ ಹಸಿರು ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಕೈಯ ಬೆರಳುಗಳ ಸಂದಿನಲ್ಲಿ ಮಾತ್ರ ಕಪ್ಪು ಹೋಗಿರಲಿಲ್ಲ. ಕಾರ್ಖಾನೆಯಲ್ಲಿ ಇದ್ದಿಲು ಆರಿಸುವ ಕೆಲಸ ಅವಳದು. ಭೂತಪ್ಪ ಸತ್ತ ಎರಡನೆಯ ತಿಂಗಳಿಗೆ ಶಿವಯೋಗಪ್ಪನೇ ಸಾಹೇಬರ ಹತ್ತಿರ ಹೋಗಿ, ಬಾಗಿಲಲ್ಲಿ ಅರ್ಧ ದಿನ ನಿಂತು ಕೊಡಿಸಿದ ಕೆಲಸ. ಅದಕ್ಕಾಗಿ ಅವಳು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದಳು. ಈಗಲೂ ಬಗ್ಗಿ ಮುಟ್ಟಲು ಬಂದಳು. ಅವನು ಕಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡ. "ಇರ್ಲಿ, ಇರ್ಲಿ, ದಿನಾ ಎಂಥದ್ದು ಇದು," ಎಂದ. ದನಿ ಗದರಿದಂತೆ ಬಂತು. ಒಳಗಿನಿಂದ ಕರಿಬಸಮ್ಮ ಬಂದು, ಬಟ್ಟೆಯ ಚೀಲದಲ್ಲಿ ಅವನ ಚಪ್ಪಲಿ ತುರುಕಿ, "ಸಭೆ ಮುಗೀತಿದ್ದಂಗೆ ಹಾಕ್ಕೊಂಡುಬಿಡಿ, ಯಾರೂ ನೋಡಲ್ಲ," ಎಂದು ಪಿಸುಗುಟ್ಟಿ ನಕ್ಕಳು. ದ್ಯಾಮಮ್ಮನೂ ನಕ್ಕಳು. ಅವನೂ ನಗಬೇಕಾಯಿತು.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವಳು ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು. ಮೇ ತಿಂಗಳ ಬಿಸಿಲು ಬೆಳಗಿಗೇ ಏರಿತ್ತು. ರಸ್ತೆಗೆ ಹಾಸಿದ ಕುಲುಮೆಯ ಕಿಟ್ಟದ ಚೂರುಗಳು ಅಂಗಾಲಿಗೆ ಚುಚ್ಚುತ್ತಿದ್ದವು. ಅವನು ನೋವು ತೋರಿಸದೆ, ಆದಷ್ಟೂ ಗಂಭೀರವಾಗಿ, ಮದುವಣಿಗನ ನಡಿಗೆಯಲ್ಲಿ ನಡೆದ. ಎದುರು ಸಿಕ್ಕ ಕಾರ್ಖಾನೆಯ ಫಿಟ್ಟರ್ ಒಬ್ಬ ಕಾಲಿನ ಕಡೆ ನೋಡಿ ಸಲಾಮು ಹಾಕಿ, "ಇದಲ್ವಾ ಸಾರ್ ಕಾಲು ಅಂದ್ರೆ!" ಎಂದ. ಹಿಂದಿನಿಂದ ದ್ಯಾಮಮ್ಮ ಹೇಳುತ್ತಲೇ ಇದ್ದಳು, ತನಗೆ ನಿನ್ನೆ ನಿದ್ದೆಯೇ ಬರಲಿಲ್ಲವೆಂದು, ಅಷ್ಟು ಜನರ ಮುಂದೆ ಹೇಗೆ ನಿಲ್ಲುವುದೋ ಎಂದು, ಅವರಿದ್ದಿದ್ದರೆ ಇವತ್ತು ಅವರೇ ಹಾರ ಹಾಕುತ್ತಿದ್ದರಲ್ಲ ಎಂದು. ಆಮೇಲೆ, ಪ್ರತಿ ಸಲವೂ ಎಲ್ಲಿಂದ ಶುರುಮಾಡಿದರೂ ಬಂದು ಮುಟ್ಟುವಲ್ಲಿಗೆ ಬಂದು ಮುಟ್ಟಿದಳು: "ಒಂದು ಮಾತು ಹೇಳ್ಬೇಕಿತ್ತು ಅವ್ರು ನಿಮಗೆ. ಕಾಲಿಗೆ ಹಿಂಗಾಗೈತೆ ಅಂತ ಒಂದು ಮಾತು. ನಿಮ್ಮಂಥೋರ ಹತ್ರ ಬಚ್ಚಿಟ್ರಲ್ಲ. ನಿಮ್ಗೆ ಎಷ್ಟು ಸಂಕಟ ಆಗಿರ್ಬೇಕು." ಹನ್ನೊಂದು ವರ್ಷದಿಂದ ಅವಳು ಗಂಡನ ಪರವಾಗಿ ಅವನ ಕ್ಷಮೆ ಕೇಳುತ್ತಿದ್ದಳು. ಹನ್ನೊಂದು ವರ್ಷದಿಂದ ಅವನು, "ಹೋಗ್ಲಿ ಬಿಡು ದ್ಯಾಮಮ್ಮ," ಎನ್ನುತ್ತಿದ್ದ.

ಗಾಡಿಯಲ್ಲಿ ಮೂರನೇ ಕ್ಲಾಸಿನ ಬೋಗಿ ಅರ್ಧ ಖಾಲಿಯಿತ್ತು. ಎದುರಿನ ಬೆಂಚು ಖಾಲಿಯಿದ್ದರೂ ದ್ಯಾಮಮ್ಮ ಕೆಳಗೆ ಬಾಗಿಲ ಹತ್ತಿರ ಕೂತಳು. "ಮೇಲೆ ಕೂತ್ಕೋ," ಎಂದರೆ, "ನಿಮ್ಮೆದುರಿಗಾ? ಬ್ಯಾಡ ಬಿಡಿ," ಎಂದು ಸೆರಗು ಹೊದ್ದುಕೊಂಡಳು. ಶಿವಯೋಗಪ್ಪ ಕಿಟಕಿಯ ಹೊರಗೆ ನೋಡಿದ. ಇವತ್ತು ಹೇಳಬೇಕು. ಈ ಯೋಚನೆ ಹೊಸದಲ್ಲ. ಪ್ರತಿ ವರ್ಷ ಹಿರಿಯರ ಹಬ್ಬದಲ್ಲಿ ಅವಳು ಗಂಡನಿಗೆ ಎಡೆ ಇಟ್ಟು, ಎಡೆಯ ಹೋಳಿಗೆ ನಾಲ್ಕನ್ನು ಎಲೆಯಲ್ಲಿ ಕಟ್ಟಿಕೊಂಡು ಅವನ ಮನೆಗೆ ತರುತ್ತಿದ್ದಳು. ಪ್ರತಿ ವರ್ಷ ಅವನು ಇವತ್ತು ಹೇಳಬೇಕು ಅಂದುಕೊಂಡು ಹೋಳಿಗೆ ತಿನ್ನುತ್ತಿದ್ದ. "ಎಡೆ ಇಡೋವಾಗ ಚೆನ್ನಾಗಿ ಬೈದೆ ಮೇಷ್ಟ್ರೇ. ಹೇಳಕ್ಕೆ ಬಾಯಿ ಇರ್ಲಿಲ್ವಾ ನಿಂಗೆ ಅಂತ ಬೈದೆ. ನೀನು ವೀರ ಆದೆ, ನಾನು ಏನಾದೆ ಅಂತ." ಇದನ್ನು ಹೇಳುತ್ತಾ ಅವಳು ತುಪ್ಪದ ಗಿಂಡಿ ಮುಂದಿಡುತ್ತಿದ್ದಳು. ಅವನು ತುಪ್ಪ ಹಾಕಿಕೊಂಡು ತಿನ್ನುತ್ತಿದ್ದ. ತಿನ್ನದಿದ್ದರೆ ಅವಳು ಏಕೆಂದು ಕೇಳುತ್ತಾಳಲ್ಲ.

ಕೊಲಂಬೋದಲ್ಲಿ ಅವರು ಇಳಿದುಕೊಂಡ ಬಂಗಲೆಯ ಹಿಂದೆಯೇ ಸಮುದ್ರವಿತ್ತು. ಮೊದಲನೆಯ ಸಲ ಸಮುದ್ರ ಕಂಡ ಭೂತಪ್ಪ ದಿನಾ ಮರಳಿನಲ್ಲಿ ಓಡುತ್ತಿದ್ದ. ಕುಲುಮೆಯ ಬಾಯಿಗೆ ಇದ್ದಿಲು ಸುರಿಯುವ ಆಳು, ಆರಡಿ ಉದ್ದ, ನಕ್ಕರೆ ಇಡೀ ಮೈಯಲ್ಲಿ ನಗುವವನು. ದೇಶದ ಆ ತಂಡದಲ್ಲಿ ಶಿವಯೋಗಪ್ಪನ ಊರಿನವನು ಅವನೊಬ್ಬನೇ. ಉಳಿದವರು ಕಲ್ಕತ್ತ, ಢಾಕಾ, ಮದರಾಸು, ಎಲ್ಲೆಲ್ಲಿನವರೋ. ಊಟದ ಮೇಜಿನಲ್ಲಿ ಅವರೆಲ್ಲ ಇಂಗ್ಲಿಷಿನಲ್ಲಿ ಮಾತಾಡುವಾಗ ಮೇಷ್ಟ್ರು ಮತ್ತು ಭೂತಪ್ಪ ಒಂದು ಮೂಲೆಯಲ್ಲಿ ಕೂತು ಕನ್ನಡದಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದುಕೊಳ್ಳುತ್ತಿದ್ದರು. ಒಂದು ದಿನ ಮೇಜಿನ ಆ ತುದಿಯಲ್ಲಿ ಯಾರೋ ಮೇಷ್ಟ್ರನ್ನು ಕಾರ್ಪೆಂಟರ್ ಎಂದದ್ದು, ಮೂರು ನಾಲ್ಕು ಜನ ನಕ್ಕದ್ದು ಕೇಳಿಸಿತ್ತು. ಅದನ್ನು ಶಿವಯೋಗಪ್ಪ ಮರೆತಿರಲಿಲ್ಲ. ಕೊನೆಯ ಪಂದ್ಯದಲ್ಲಿ ತನ್ನ ಹುಡುಗ ಗೋಲು ಹೊಡೆದು ತೋರಿಸಲಿ ಎಂದು ಅವನು ಹಲ್ಲು ಕಚ್ಚಿಕೊಂಡು ಕಾದಿದ್ದ. ಆ ಪಂದ್ಯದ ದಿನ ಬೆಳಗ್ಗೆ, ಉಳಿದವರು ಇನ್ನೂ ಏಳುವ ಮೊದಲು, ಭೂತಪ್ಪ ಅವನ ಕೋಣೆಗೆ ಬಂದು ಬಾಗಿಲ ಹತ್ತಿರದ ಮಣೆಯ ಮೇಲೆ ಕೂತು ಎಡಗಾಲನ್ನು ಎತ್ತಿ ತೋರಿಸಿದ.

ಹಿಮ್ಮಡಿಯ ಮುಂದೆ, ಅಂಗಾಲಿನ ನಡುವೆ, ಬೆರಳಿನಷ್ಟು ಉದ್ದದ ಸೀಳು. ಯಾವುದೋ ಚಿಪ್ಪು ಕೊಯ್ದಿರಬೇಕು, ಐದಾರು ದಿನ ಹಿಂದೆಯೇ. ಚೊಗರಿನಿಂದ ಗಟ್ಟಿಯಾದ ಚರ್ಮಕ್ಕೆ ಗೊತ್ತೇ ಆಗಿರಲಿಲ್ಲ. ಅಂಚು ಉಬ್ಬಿತ್ತು, ಒಳಗೆ ಮರಳು ಸೇರಿತ್ತು. ಶಿವಯೋಗಪ್ಪ ಹೆಬ್ಬೆರಳಿನಿಂದ ಒತ್ತಿ ನೋಡಿದ. ಡಾಕ್ಟರು ನೂರು ಹೆಜ್ಜೆ ಆಚೆಯ ಕೋಣೆಯಲ್ಲೇ ಇದ್ದರು. ತೋರಿಸಿದರೆ ಆಡಬೇಡ ಎನ್ನುತ್ತಿದ್ದರು, ಢಾಕಾದವನು ಆ ಜಾಗದಲ್ಲಿ ಆಡುತ್ತಿದ್ದ. ಅವನು ಭೂತಪ್ಪನನ್ನು ಏನೋ ಕೇಳಿದ, ಭೂತಪ್ಪ ಏನೋ ಅಂದ. ಅವನು ಅಂದ ಮಾತನ್ನು ಶಿವಯೋಗಪ್ಪ ಇಷ್ಟು ವರ್ಷ ನೆನಪಿನಲ್ಲಿ ಕೂಡ ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಆ ಬಾಯಿ ತೆರೆದ ಕೂಡಲೇ ಬೇರೆ ಯಾವುದನ್ನಾದರೂ ಯೋಚಿಸತೊಡಗುತ್ತಿದ್ದ. ಆಮೇಲೆ ಮಾತ್ರ ಎಲ್ಲ ಸ್ಪಷ್ಟ. ಡಬ್ಬಿ ತೆರೆದದ್ದು. ಅಡಿಕೆ ಸಿಪ್ಪೆಯ ಕುಚ್ಚು ಅದ್ದಿದ್ದು. ಸೀಳಿನ ಮೇಲೆ ಚೊಗರನ್ನು ಒಂದು ಸಲ ಬಳಿದು, ಆರಿಸಿ, ಇನ್ನೊಂದು ಸಲ ಬಳಿದದ್ದು. ಮರದ ಅಚ್ಚಿನಲ್ಲಿ ಬಿರುಕಿದ್ದರೆ ಮೇಣ ತುಂಬಿ ಬಣ್ಣ ಹಚ್ಚುವುದು ಅವನಿಗೆ ಗೊತ್ತಿದ್ದ ಕೆಲಸವೇ. ಹತ್ತು ಗಂಟೆಗೆ ಡಾಕ್ಟರು ಎಲ್ಲರ ಕಾಲನ್ನೂ ಸಾಲಾಗಿ ನೋಡುತ್ತಾ ಬಂದು, ಆ ಕೆಂಪು ಅಂಗಾಲನ್ನು ಬೆರಳಿನಲ್ಲಿ ತಟ್ಟಿ, "ವಂಡರ್‌ಫುಲ್," ಎಂದು ಮುಂದೆ ಹೋದರು. ಭೂತಪ್ಪ ಗೋಲು ಹೊಡೆದ. ಒಂದೇ ಗೋಲು, ಅದರಿಂದಲೇ ಗೆಲುವು. ಹಿಂದಿರುಗುವ ಹಡಗಿನಲ್ಲಿ ಅವನಿಗೆ ದವಡೆ ಬಿಗಿಯಿತು, ಗಂಜಿ ಕುಡಿಸಲು ಬಾಯಿ ತೆರೆಯಲಾಗಲಿಲ್ಲ, ಧನುರ್ವಾಯು ಎಂದರು. ದಾರಿಯ ಯಾವುದೋ ಊರಿನ ಆಸ್ಪತ್ರೆಯಲ್ಲಿ, ಬೆನ್ನು ಬಿಲ್ಲಿನಂತೆ ಬಾಗಿ, ಮೂರನೆಯ ದಿನ ಸತ್ತ. ಮಣ್ಣು ಮಾಡಿದ್ದೂ ಅಲ್ಲಿಯೇ. ಶಿವಯೋಗಪ್ಪ ಊರಿಗೆ ತಂದದ್ದು ಒಂದು ಟ್ರಂಕು.

ಗಾಯವನ್ನು ಬಚ್ಚಿಟ್ಟು ಆಡಿದ ಎಂದು ಮೊದಲು ಹೇಳಿದವರು ತಂಡದ ಮ್ಯಾನೇಜರು. ಪತ್ರಿಕೆಯವರು ಅದಕ್ಕೆ ದೇಶಪ್ರೇಮ ಸೇರಿಸಿದರು. ಟ್ರಂಕು ಇಳಿಸುವಾಗ ಭದ್ರಾವತಿಯ ಸ್ಟೇಷನ್ನಿನಲ್ಲಿ ಜನ ಸೇರಿ ಜಯಕಾರ ಹಾಕುತ್ತಿದ್ದರು. ಆಗಲೇ ದ್ಯಾಮಮ್ಮ, ಇಪ್ಪತ್ತಾರು ವರ್ಷದವಳು, ಜನರ ನಡುವೆ ಬಂದು ಅವನ ಮುಖ ನೋಡಿ, "ನಿಮಗೂ ಹೇಳಲಿಲ್ವಾ ಮೇಷ್ಟ್ರೇ?" ಎಂದು ಕೇಳಿದ್ದಳು. ಶಿವಯೋಗಪ್ಪ ಸುಳ್ಳು ಹೇಳಲಿಲ್ಲ. ತಲೆ ತಗ್ಗಿಸಿದ, ಅಷ್ಟೆ. ಹನ್ನೊಂದು ವರ್ಷದಲ್ಲಿ ಅವನು ಒಂದು ಸುಳ್ಳೂ ಹೇಳಿರಲಿಲ್ಲ. ಎಲ್ಲ ಸುಳ್ಳನ್ನೂ ಬೇರೆಯವರೇ ಹೇಳಿದ್ದರು.

ಶಿವಮೊಗ್ಗದಲ್ಲಿ ಇಳಿಯುವಾಗ ಡಬ್ಬಿಯನ್ನು ಅವನು ಬೆಂಚಿನ ಕೆಳಗೇ ಬಿಟ್ಟ. ಮರೆತದ್ದಲ್ಲ. ದ್ಯಾಮಮ್ಮ ಮುಂದೆ ಇಳಿದಿದ್ದಳು. ಗಾಡಿ ಹೊರಟುಬಿಟ್ಟರೆ ಡಬ್ಬಿ ಕಳೆದುಹೋಯಿತೆಂದು ಹೊನ್ನಯ್ಯನಿಗೆ ಹೇಳಬಹುದು, ಅಷ್ಟಾದರೂ ಆಗಲಿ ಎಂದುಕೊಂಡ. ಗೇಟಿನವರೆಗೂ ಬಂದಿರಬಹುದು, ಹಿಂದಿನಿಂದ ಒಬ್ಬ ರುಮಾಲಿನ ಮುದುಕ ಏದುಸಿರು ಬಿಡುತ್ತಾ ಓಡಿಬಂದ. "ಸ್ವಾಮೀ, ನಿಮ್ ಡಬ್ಬಿ! ಏನ್ ಮಾರಾಯ್ರೆ, ಇಷ್ಟು ದೊಡ್ಡ ಡಬ್ಬಿ ಮರೀತಾರಾ ಯಾರಾದ್ರೂ!" ದ್ಯಾಮಮ್ಮ ಮುದುಕನಿಗೆ ಕೈಮುಗಿದು, ಡಬ್ಬಿಯನ್ನು ತಾನೇ ತೆಗೆದುಕೊಂಡು ಸೊಂಟದ ಮೇಲೆ ಇಟ್ಟುಕೊಂಡಳು. ಅದನ್ನು ಅವಳು ಹೊತ್ತು ನಡೆಯುವುದನ್ನು ಅವನು ನೋಡಬೇಕಾಯಿತು.

ಹೈಸ್ಕೂಲು ಮೈದಾನದಲ್ಲಿ ಚಪ್ಪರ ಹಾಕಿದ್ದರು. ಹೊನ್ನಯ್ಯ, ಸಂಘದ ಕಾರ್ಯದರ್ಶಿ, ಹೊಸ ಖಾದಿ ಟೋಪಿ ಇಟ್ಟುಕೊಂಡು ಓಡಿಬಂದ. ಮೊದಲು ನೋಡಿದ್ದು ಅವನ ಪಾದವನ್ನೇ. "ಬಂದ್ರಾ! ಹಿಂಗೇ ಬರಬೇಕು ಮೇಷ್ಟ್ರೇ!" ಎಂದು ಕೈ ಹಿಡಿದುಕೊಂಡ. ಒಳ್ಳೆಯ ಮನುಷ್ಯ, ಕುಹಕ ಅರಿಯದವನು. ವೇದಿಕೆಯ ಮೇಲೆ ತಂಡದ ಪರವಾಗಿ ಬೆಂಗಳೂರಿನಿಂದ ಬಂದ ಕೋಟಿನ ಅಧಿಕಾರಿ ಆಗಲೇ ಕೂತಿದ್ದರು. ಮಹಾತ್ಮರು ಹೋಗಿ ನಾಲ್ಕು ತಿಂಗಳಾಗಿದ್ದರೂ ಎಲ್ಲ ಸಭೆಗಳೂ ಇನ್ನೂ ಮೌನದಿಂದಲೇ ಶುರುವಾಗುತ್ತಿದ್ದವು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಆ ಒಂದು ನಿಮಿಷ ಶಿವಯೋಗಪ್ಪ ತನ್ನ ಕಾಲನ್ನು ನೋಡಿಕೊಂಡ. ಕಿರುಬೆರಳಿನ ಪಕ್ಕ ಗೀರಿ ರಕ್ತ ಬಂದಿತ್ತು, ಉರಿಯುತ್ತಿತ್ತು. ಇಷ್ಟು ಸಣ್ಣ ಗಾಯ ಎಷ್ಟು ಚೆನ್ನಾಗಿ ಉರಿಯುತ್ತದೆ ಎಂದುಕೊಂಡ.

ಹೊನ್ನಯ್ಯ ಮಾತಾಡಿದ. ನಲವತ್ತೊಂದು ದಿನ ಬಂತು, ಕೆಂಪು ಕಾಲು ಬಂತು, ಬೂಟಿನವರ ಸೋಲು ಬಂತು. ಆಮೇಲೆ ದನಿ ಇಳಿಸಿ, "ಕಾಲಿನಲ್ಲಿ ಅಷ್ಟು ದೊಡ್ಡ ಗಾಯ ಇಟ್ಕೊಂಡು, ಸಾಕ್ಷಾತ್ ಗುರುಗಳಿಗೂ ತಿಳಿಸದೆ, ದೇಶಕ್ಕಾಗಿ ಆಡಿದ ನಮ್ಮ ಭೂತಪ್ಪ..." ಎಂದ. ಚಪ್ಪರದ ಕೆಳಗೆ ಯಾರೋ ಮೂಗೊರೆಸಿಕೊಂಡರು. ದ್ಯಾಮಮ್ಮನ ಕೈಗೆ ಹಾರ ಕೊಟ್ಟರು. ಸೇವಂತಿಗೆ, ನಡುನಡುವೆ ಮರುಗ, ಮೊಳಕಾಲು ಮುಟ್ಟುವಷ್ಟು ಉದ್ದ. ಅವಳು ಅದನ್ನು ಎತ್ತಿ ಹಿಡಿದು ಬಂದಳು, ಅವನು ತಲೆ ಬಗ್ಗಿಸಿದ. ಹಾರ ಕತ್ತಿಗೆ ಇಳಿಯುವಾಗ ಅವಳ ಬಾಯಿ ಅವನ ಕಿವಿಯ ಹತ್ತಿರ ಬಂತು.

"ಇವತ್ತಾದ್ರೂ ಅವರನ್ನ ಮನಸಾರೆ ಕ್ಷಮಿಸಿಬಿಡಿ ಮೇಷ್ಟ್ರೇ," ಎಂದಳು. "ನಾನೂ ಕ್ಷಮಿಸ್ತೀನಿ."

ಅವನು ಎರಡು ಮಾತು ಆಡಬೇಕಿತ್ತು. ಬರೆದುಕೊಂಡು ಬಂದ ಹಾಳೆ ಜೇಬಿನಲ್ಲಿತ್ತು. ಎದ್ದು ನಿಂತ. ಮುಂದಿನ ಸಾಲಿನ ಮುಖಗಳೆಲ್ಲ ಮೊದಲೇ ಮೆಚ್ಚಿಕೊಂಡು ಕೂತಿದ್ದವು. "ಭೂತಪ್ಪ ಗಾಯ ಬಚ್ಚಿಡಲಿಲ್ಲ," ಎಂದ. ಅವನ ದನಿ ಅವನಿಗೇ ಯಾರದೋ ಎನಿಸಿತು. "ನನಗೆ ತೋರಿಸಿದ. ಪಂದ್ಯದ ದಿನ ಬೆಳಗ್ಗೆ. ನಾನು ನೋಡಿದೆ, ಮುಟ್ಟಿ ನೋಡಿದೆ. ಡಾಕ್ಟರಿಗೆ ಕಾಣಬಾರದು ಅಂತ ಅದರ ಮೇಲೆ ನಾನೇ ಚೊಗರು ಬಳಿದೆ. ಎರಡು ಸಲ ಬಳಿದೆ. ಅವನು ಸತ್ತದ್ದು ನನ್ನಿಂದ. ಈ ಡಬ್ಬಿ ನಾನು ಯಾರಿಗೂ ಕೊಡಲ್ಲ."

ಚಪ್ಪರದಲ್ಲಿ ಸದ್ದಿರಲಿಲ್ಲ. ಆ ಮೌನದಲ್ಲಿ ಅವನ ಎದೆ ಹಗುರಾಯಿತು. ಈಗ ಯಾರಾದರೂ ಬೈಯುತ್ತಾರೆ, ಕಲ್ಲೆಸೆದರೂ ಎಸೆಯಲಿ ಎಂದುಕೊಂಡ. ಮುಂದಿನ ಸಾಲಿನಲ್ಲಿ ವಯಸ್ಸಾದವರೊಬ್ಬರು ಕಣ್ಣೊರೆಸಿಕೊಂಡು ಮೆಲ್ಲನೆ ಚಪ್ಪಾಳೆ ತಟ್ಟಿದರು. ಪಕ್ಕದವರು ತಟ್ಟಿದರು. ಇಡೀ ಚಪ್ಪರ ತಟ್ಟಿತು. ಹೊನ್ನಯ್ಯ ಗದ್ಗದಿತನಾಗಿ ಎದ್ದು, "ಕೇಳಿದ್ರಲ್ಲ ಮಹಾಶಯರೇ! ಶಿಷ್ಯನ ತಪ್ಪನ್ನೂ ತನ್ನ ಹೆಗಲ ಮೇಲೆ ಹೊತ್ತುಕೊಳ್ಳೋ ಇಂಥ ಗುರು ಇನ್ನೆಲ್ಲಿ ಸಿಗ್ತಾರೆ!" ಎಂದ. "ಅಲ್ಲ ಹೊನ್ನಯ್ಯ, ಅದಲ್ಲ," ಎಂದು ಶಿವಯೋಗಪ್ಪ ಅವನ ತೋಳು ಹಿಡಿದ. ಹೊನ್ನಯ್ಯ ಅವನನ್ನು ಅಪ್ಪಿಕೊಂಡ. ಅಷ್ಟರಲ್ಲಿ ಯಾರೋ ಡಬ್ಬಿಯನ್ನು ತಂದು ಕೋಟಿನ ಅಧಿಕಾರಿಯ ಕೈಗಿಟ್ಟಿದ್ದರು. ಶಿವಯೋಗಪ್ಪ ಎರಡೂ ಕೈ ಚಾಚಿ ಅದನ್ನು ಕಿತ್ತುಕೊಂಡ. ಅವನು ಕಿತ್ತುಕೊಳ್ಳುವ ಕ್ಷಣಕ್ಕೇ ಫೋಟೋದವನ ದೀಪ ಭಗ್ಗೆಂದಿತು. ಕೊಡುವುದಕ್ಕೂ ಕಿತ್ತುಕೊಳ್ಳುವುದಕ್ಕೂ ಫೋಟೋದಲ್ಲಿ ವ್ಯತ್ಯಾಸ ಕಾಣುವುದಿಲ್ಲ ಎಂದು ಅವನಿಗೆ ಆಗಲೇ ಹೊಳೆಯಿತು. ಅಧಿಕಾರಿ ನಕ್ಕು, "ಭಾವುಕರಾಗಿದ್ದಾರೆ, ಪಾಪ. ಆಮೇಲೆ ತರಿಸಿಕೊಳ್ಳೋಣ," ಎಂದರು. ಚಪ್ಪಾಳೆ ನಿಂತಿರಲಿಲ್ಲ. ಅವನು ಬೇಡವೆಂದಷ್ಟೂ ಅದು ಹೆಚ್ಚುತ್ತಿತ್ತು. ದ್ಯಾಮಮ್ಮನ ಕಡೆ ನೋಡಿದ. ಅವಳು ವೇದಿಕೆಯ ಅಂಚಿನಲ್ಲಿ, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡಿದ್ದಳು.

ಸಾಯಂಕಾಲದ ಗಾಡಿಗೆ ಹೊನ್ನಯ್ಯನೇ ಬಂದು ಹತ್ತಿಸಿದ. ಕಿಟಕಿಯಿಂದ ತಲೆ ಹಾಕಿ, ಊರೆಲ್ಲ ಇದೇ ಮಾತು, ಇಂಥ ಭಾಷಣ ಈ ಮೈದಾನ ಕಂಡಿರಲಿಲ್ಲ ಎಂದ. ಗಾಡಿ ಹೊರಟಿತು. ದ್ಯಾಮಮ್ಮ ಕೆಳಗೆ ಕೂರಲಿಲ್ಲ. ಅವನ ಎದುರಿನ ಬೆಂಚಿನಲ್ಲಿ, ಮೊಳಕಾಲಿಗೆ ಮೊಳಕಾಲು ಮುಟ್ಟುವಷ್ಟು ಹತ್ತಿರ ಕೂತು, ಅವನ ಮುಖವನ್ನೇ ನೋಡುತ್ತಿದ್ದಳು. ತುಂಗೆಯ ಸೇತುವೆಯ ಮೇಲೆ ಗಾಡಿ ಸದ್ದು ಮಾಡುತ್ತಾ ದಾಟಿತು. ಕೆಳಗೆ ಬೇಸಿಗೆಯ ಬಂಡೆಗಳು, ನಡುವೆ ಒಂದಿಷ್ಟು ನೀರು. ಸದ್ದು ನಿಂತ ಮೇಲೆ ಅವಳು ಕೇಳಿದಳು.

"ಅದು ಭಾಷಣನಾ ಮೇಷ್ಟ್ರೇ? ನಿಜನಾ?"

"ನಿಜ."

"ಅವ್ರೇ ಬಂದು ತೋರ್ಸಿದ್ರಾ?"

"ಅವನೇ ಬಂದ. ಬೆಳಗ್ಗೆ, ಯಾರೂ ಎದ್ದಿರ್ಲಿಲ್ಲ."

"ತೋರ್ಸಿ ಏನಂದ್ರು?"

ಅದೇ ಮಾತು. ಓಡಲು ಈಗ ಬೇರೆ ಯೋಚನೆ ಇರಲಿಲ್ಲ. ಎದುರಿಗೆ ಅವಳ ಕಣ್ಣಿತ್ತು. "ಆಡ್ಲಾ ಬೇಡ್ವಾ ಮೇಷ್ಟ್ರೇ ಅಂತ ಕೇಳ್ದ," ಎಂದ. "ನೋವುಂಟೇನೋ ಅಂತ ನಾನು ಕೇಳ್ದೆ. ನೋವೇ ಇಲ್ಲ, ಅದಕ್ಕೇ ಹೆದ್ರಿಕೆ ಆಗ್ತೈತೆ ಅಂದ." ಮುಗಿದಿರಲಿಲ್ಲ, ಇನ್ನೂ ಒಂದಿತ್ತು. "ಮನೇಲಿ ದ್ಯಾಮಿ ಒಬ್ಳೇ ಅವ್ಳೆ, ಡಾಕ್ಟರಿಗೆ ತೋರ್ಸಾಣ ಮೇಷ್ಟ್ರೇ ಅಂದ. ನಾನು, ಸುಮ್ನೆ ಕಾಲು ಚಾಚು ಮಾರಾಯ, ಅಂದೆ."

ದ್ಯಾಮಮ್ಮ ಅಳುತ್ತಾಳೆ ಎಂದುಕೊಂಡಿದ್ದ. ಬೈಯುತ್ತಾಳೆ, ಬಾಯಿ ಬಡಿದುಕೊಳ್ಳುತ್ತಾಳೆ, ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಅದಕ್ಕೆಲ್ಲ ಅವನು ಸಿದ್ಧನಾಗಿದ್ದ, ಬೇಕಾಗಿಯೂ ಇತ್ತು. ಅವಳು ಕಿಟಕಿಯ ಕಡೆ ತಿರುಗಿದಳು. ಬೆರಳ ಸಂದಿನ ಇದ್ದಿಲ ಕಪ್ಪನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಹೇಳಕ್ಕೆ ಬಾಯಿ ಇರ್ಲಿಲ್ವಾ ಅಂತ ಬೈದೆ," ಎಂದಳು ಕೊನೆಗೆ, ಅವನಿಗಲ್ಲ. "ಎಡೆ ಮುಂದೆ ಕೂತು ಬೈದೆ. ಹನ್ನೊಂದು ವರ್ಷ." ಕಪ್ಪು ಹತ್ತಿದ ಉಗುರನ್ನು ಸೆರಗಿಗೆ ಒರೆಸಿ, "ಬಾಯಿ ಇತ್ತು ಅವ್ರಿಗೆ," ಎಂದಳು.

ಶಿವಯೋಗಪ್ಪ ಕೈಮುಗಿದ. ಅವಳು ನೋಡಲಿಲ್ಲ. ಭದ್ರಾವತಿಯ ಕುಲುಮೆಯ ಹೊಗೆ ದೂರದಲ್ಲಿ ಕಾಣಿಸಿತು, ಜನ ಗಂಟುಮೂಟೆ ತೆಗೆದುಕೊಂಡು ಎದ್ದರು. ಗಾಡಿ ನಿಲ್ಲುವಾಗ ದ್ಯಾಮಮ್ಮ ಎದ್ದು ನಿಂತು ಅವನ ಕಡೆ ಕೈ ಚಾಚಿದಳು.

"ಆ ಹಾರ ಕೊಡಿ," ಎಂದಳು.

ಕತ್ತಿನಲ್ಲಿ ಹಾರ ಇನ್ನೂ ಇದ್ದದ್ದು ಅವನಿಗೆ ಮರೆತೇಹೋಗಿತ್ತು. ಇಷ್ಟು ದೂರವೂ ಅದನ್ನು ಹಾಕಿಕೊಂಡೇ ಮಾತಾಡಿದ್ದ. ತೆಗೆಯುವಾಗ ದಾರ ಅಂಗಿಯ ಗುಂಡಿಗೆ ಸಿಕ್ಕಿತು. "ಬ್ಯಾಡ, ಹರೀಬ್ಯಾಡಿ," ಎಂದು ಅವಳೇ ಬಿಡಿಸಿಕೊಂಡಳು. ಬಾಡಿದ ಹೂವನ್ನು ಒಂದೊಂದಾಗಿ ಸರಿಮಾಡಿ, ಹಾರವನ್ನು ಎರಡು ಮಡಿಕೆ ಮಾಡಿ ಎಡಗೈ ಮೇಲೆ ಹಾಕಿಕೊಂಡು ಇಳಿದಳು. ಕಾಲು ಮುಟ್ಟಲಿಲ್ಲ, ಬರ್ತೀನಿ ಎನ್ನಲಿಲ್ಲ.

ಸ್ಟೇಷನ್ನಿನ ನಲ್ಲಿಯ ಹತ್ತಿರ ಶಿವಯೋಗಪ್ಪ ಡಬ್ಬಿಯ ಮೇಣ ಕಿತ್ತು ಚೊಗರನ್ನು ಮೋರಿಗೆ ಸುರಿದ. ಮಂದವಾಗಿದ್ದರಿಂದ ಹರಿಯಲು ಬಹಳ ಹೊತ್ತು ಹಿಡಿಯಿತು. ಅವನು ರಸ್ತೆಗೆ ಬರುವಾಗ ದ್ಯಾಮಮ್ಮ ಆಗಲೇ ದೂರ ಹೋಗಿದ್ದಳು. ಗಂಡನ ಫೋಟೋ ಇರುವ ಮನೆಯ ಕಡೆ, ಹಿಂದಿರುಗಿ ನೋಡದೆ, ಬೇಗಬೇಗ ನಡೆಯುತ್ತಿದ್ದಳು. ಚೀಲದಲ್ಲಿ ಚಪ್ಪಲಿ ಇತ್ತು. ಅವನು ಹಾಕಿಕೊಳ್ಳಲಿಲ್ಲ. ಅವಳ ಹಿಂದೆ ಅದೇ ಕಿಟ್ಟದ ರಸ್ತೆಯಲ್ಲಿ ನಡೆದ, ಒಂದೊಂದು ಕಲ್ಲೂ ಅವನ ಕಾಲಿಗೆ ತಿಳಿಯುತ್ತಿತ್ತು.